ಹಲ್ಲುಜ್ಜುವ ಕೈ

“ದಿನಾ ಹೇಗೆ ಉಜ್ತೀರೋ ಹಾಗೇ ಉಜ್ಜಿ ತೋರಿಸಿ,” ಎಂದು ದಂತವೈದ್ಯ ರಂದಾತ್ಸೊ ಬ್ರಶ್ ಕೊಟ್ಟದ್ದೇ ತಡ, ವೆನೆರಾ ತಾಮ್ರದ ಪಾತ್ರೆ ತಿಕ್ಕುವಂತೆ ಗರಗರ ಉಜ್ಜತೊಡಗಿದಳು. ಡಾಕ್ಟರು ಗಾಬರಿಯಿಂದ ಅವಳ ಮಣಿಕಟ್ಟು ಹಿಡಿದರು. “ನಿಲ್ಲಿಸಿ ತಾಯಿ! ಇದು ಹಲ್ಲೋ, ಒಲೆಕಟ್ಟೆಯೋ?”

“ನಿಂಬೆಹಣ್ಣು, ಸೋಡಾಪುಡಿ ಹಚ್ಚಿ ಮೂರು ಹೊತ್ತೂ ಹೀಗೇ ಉಜ್ಜೋದು. ಇಡೀ ಕತಾನಿಯಾದಲ್ಲಿ ಇಷ್ಟು ಬೆಳ್ಳನೆ ಹಲ್ಲು ಯಾರಿಗಿದೆ ಹೇಳಿ? ದಿನಾ ಬೆಳಿಗ್ಗೆ ಬನ್ ಜೊತೆ ಆ ಹಾಳು ಐಸಿನ ಗ್ರಾನಿತಾ ತಿಂದೇ ನನ್ನ ಹಲ್ಲು ಕೆಟ್ಟಿದ್ದು. ಒಂದು ಚಮಚ ಬಾಯಿಗಿಟ್ಟರೆ ಜುಂ ಅಂತ ನೆತ್ತಿಗೇರತ್ತೆ.”

ಡಾಕ್ಟರು ಕನ್ನಡಿ ಹಿಡಿದರು. ವಸಡಿನ ಅಂಚಿನಲ್ಲಿ ಪ್ರತಿ ಹಲ್ಲಿಗೂ ಅರದಿಂದ ತಿಕ್ಕಿದಂಥ ಹಳದಿ ಗೀರು. “ಐಸ್ ಅಲ್ಲ. ನಿಂಬೆ ಹುಳಿಗೆ ಮೆತ್ತಗಾದ ಹೊರಪದರಾನ ನಿಮ್ಮ ಕೈಯೇ ಕೆರೆದು ಹಾಕಿದೆ. ಅದು ಮತ್ತೆ ಬೆಳೆಯಲ್ಲ. ಇನ್ನಾದರೂ ಮೆತ್ತನೆ ಬ್ರಶ್, ಹಗುರ ಕೈ.”

ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದ ವೆನೆರಾಳ ಹನ್ನೆರಡು ವರ್ಷದ ಮಗಳು ಅಗತೀನಾ ಮೆಲ್ಲಗೆ ಕೆನ್ನೆ ಮುಟ್ಟಿಕೊಂಡಳು.

“ಅಮ್ಮಾ, ನನಗೂ ಹಾಗೇ ಉಜ್ಜೋಕೆ ಕಲಿಸಿದ್ದೆಯಲ್ಲ... ಅದಕ್ಕೇ ಈಗೀಗ ನಾನು ಗ್ರಾನಿತಾ ಬೇಡ, ಬರೀ ಬನ್ ಸಾಕು ಅಂತಿರೋದು.”