ಇಲಿ ಕಚ್ಚಿದ ವೈರು

ರೂಟರಿನ ಕೆಂಪು ದೀಪ ಆರಲೇ ಇಲ್ಲ. ವಿನುತಾ ಐದನೇ ಸಲ ಸ್ವಿಚ್ ಆರಿಸಿ ಹಾಕಿದಳು. ವೈಫೈ ಇದೆ, ಇಂಟರ್‌ನೆಟ್ಟಿಲ್ಲ. ಧಾರೇಶ್ವರದ ಆ ಮನೆಯೊಳಗೆ ಮೊಬೈಲಿಗೂ ಸಿಗ್ನಲ್ ಇಲ್ಲ. ಹನ್ನೊಂದಕ್ಕಿದ್ದ ಕೆಲಸದ ಸಂದರ್ಶನದ ಹೊತ್ತು ಮೀರಿಯೇ ಹೋಯಿತು.

ಜಗಲಿಯಲ್ಲಿ ವೈರು ಹುಡುಕುತ್ತಿದ್ದ ಗಂಡ ಪ್ರಕಾಶ ತುಂಡಾದ ಹಳದಿ ತುದಿ ಹಿಡಿದು ಬಂದ. "ಇಲಿ ಕಡ್ದದೆ ಮಾರಾಯ್ತಿ. ಎಂತ ಮಾಡೂದು? ಆತು ಬಿಡು, ನಿನ್ನ ಹಣೇಲಿ ಇಲ್ಲ." ಅವಳ ಬೆನ್ನು ಸವರಿದ. "ಒಂದು ಕವಳ ಮಾಡ್ಕೊಡು."

ತನಗಾಗಿ ಇಷ್ಟು ಓಡಾಡಿದವನಿಗೆ ಒಲ್ಲೆನೆನ್ನಲಾರದೆ ಅವಳು ಕಣ್ಣೊರೆಸಿಕೊಂಡು ಎಲೆಗೆ ಸುಣ್ಣ ಹಚ್ಚಿದಳು. ಅಡಿಕೆ ಹೋಳು ಮಾಡಲು ಹರಿವಾಣದಿಂದ ಅಡಕತ್ತರಿ ಎತ್ತಿ ಅದರ ಬಾಯಿ ಅಗಲಿಸಿದಳು. ಅಲಗಿನಲ್ಲಿ ವೈರಿನ ಹಳದಿ ಸಿಪ್ಪೆ ಸಿಕ್ಕಿಕೊಂಡಿತ್ತು.

ತಲೆಯೆತ್ತಿದಳು. ಪ್ರಕಾಶನೂ ಅದನ್ನೇ ನೋಡುತ್ತಿದ್ದ.

"ಒರೆಸ್ಕಂಡು ಕತ್ತರ್ಸು," ಎಂದ.