ಕೂಸಿನ ಕೆನ್ನೆ

ನಾಲ್ಕು ತಿಂಗಳ ಕೂಸಿನ ಕೆನ್ನೆ ಕೆಂಪಾಗಿ ಸುಲಿಯತೊಡಗಿದಂದಿನಿಂದ ಇಂದುಮತಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಡಬ್ಬಿಗಳ ಹಿಂದಿನ ಸಣ್ಣಕ್ಷರಗಳನ್ನು ಓದಿ, ಒಂದೊಂದು ಕೆಮಿಕಲ್ಲಿನ ಹೆಸರನ್ನೂ ಮೊಬೈಲಿನಲ್ಲಿ ಹುಡುಕಿ, ಕೂಸಿನ ಪೌಡರು, ಲೋಷನ್ನು, ಪರಿಮಳದ ಸೋಪು ಎಲ್ಲವನ್ನೂ ಕಸಕ್ಕೆ ಎಸೆದಳು. ಆದರೂ ಕೆಂಪು ಹೋಗಲಿಲ್ಲ. ಕೊನೆಗೆ ಅನುಮಾನ ಅತ್ತೆಯ ಮೇಲೆ ತಿರುಗಿತು.

"ನನಗ ಗೊತ್ತಿಲ್ಲದಂಗ ಕೂಸಿಗೆ ಏನರೆ ಹಚ್ಚಾಕತ್ತೀರೇನ್ರಿ, ಅತ್ತಿ?"

"ಕೊಬ್ರಿ ಎಣ್ಣಿ ಬಿಟ್ಟು ಏನೂ ಇಲ್ಲ, ಯವ್ವಾ."

"ಇನ್ನ ಮ್ಯಾಲ ಅದೂ ಬ್ಯಾಡ. ಕೂಸನ್ನ ಮುಟ್ಟಬ್ಯಾಡ್ರಿ."

ಅತ್ತೆ ಬಟ್ಟೆ ಕಟ್ಟಿಕೊಂಡು ಮಗಳ ಮನೆಗೆ ಹೊರಟುಹೋದರು. ಅಂದಿನಿಂದ ಇಂದುಮತಿ ಕೂಸನ್ನು ಯಾರ ಕೈಗೂ ಕೊಡಲಿಲ್ಲ. ಎದೆಗವಚಿಕೊಂಡೇ ತಿರುಗಿದಳು, ಕೆನ್ನೆಗೆ ಕೆನ್ನೆ ಒತ್ತಿಕೊಂಡೇ ಮಲಗಿಸಿದಳು. ವಾರದೊಳಗೆ ಕೆಂಪು ಕತ್ತಿನವರೆಗೂ ಹಬ್ಬಿತು.

ಡಾಕ್ಟರಮ್ಮ ಕೂಸನ್ನು ನೋಡಿ ಮುಗಿಸಿದ ಮೇಲೂ ಇಂದುಮತಿ ಹೇಳುತ್ತಲೇ ಇದ್ದಳು.

"ಈಗ ಕೂಸಿಗೆ ಏನೂ ಹಚ್ಚೂದಿಲ್ರಿ. ನನ್ನ ಬಿಟ್ಟು ಬ್ಯಾರೆ ಯಾರೂ ಮುಟ್ಟೂದೂ ಇಲ್ರಿ."

ಡಾಕ್ಟರಮ್ಮ ಕೈಚಾಚಿ, ಅವಳ ಗದ್ದ ಹಿಡಿದು, ಮುಖವನ್ನು ಮೆಲ್ಲಗೆ ಬೆಳಕಿಗೆ ತಿರುಗಿಸಿದರು.

"ಬೆಳ್ಳಗಾಗಾಕ ನೀವು ಮುಖಕ್ಕ ಯಾವ ಕ್ರೀಮ್ ಹಚ್ಕೋತೀರಿ?"