ಹತ್ತನೆಯ ಫೈಲು

"ಎರಡಕ್ಕಿಂತ ಮೊದಲು ಹತ್ತು ಹೋಗುವುದುಂಟಾ?" ವಿಜೇತಾ ಫೋನಿನಲ್ಲಿ ಕಿರುಚಿದಳು. ಲಾಕ್ ಮುರಿದ ಗೇಮ್ ಕನ್ಸೋಲಿನಲ್ಲಿ ಫೈಲುಗಳು ಒಂದರ ಹಿಂದೊಂದು ಇನ್‌ಸ್ಟಾಲ್ ಆಗಲೆಂದು ಅವಳೇ ನಂಬರ್ ಕೊಟ್ಟಿದ್ದಳು. ಅದು ಒಂದು, ಹತ್ತು, ಆಮೇಲೆ ಎರಡು ಎಂದು ಹಾಕಿಕೊಂಡಿತ್ತು.

"ಅದು ಮೊದಲ ಅಂಕೆ ಮಾತ್ರ ನೋಡುವುದು ಮಾರಾಯ್ತಿ, ಹತ್ತರಲ್ಲೂ ಮೊದಲು ಇರುವುದು ಒಂದೇ ಅಲ್ವಾ. ಸೊನ್ನೆ ಒಂದು, ಸೊನ್ನೆ ಎರಡು ಅಂತ ಕೊಡಬೇಕಿತ್ತು," ಎಂದ ಅಣ್ಣನ ಗೆಳೆಯ, ವಿಟ್ಲದ ಉಜ್ವಲ್. "ಹತ್ತನೆಯದನ್ನು ಪುನಃ ಹಾಕು."

"ಎಲ್ಲಿಂದ? ಡಿಸ್ಕಿನಲ್ಲಿ ಜಾಗ ಇಲ್ಲ ಅಂತ, ಇನ್‌ಸ್ಟಾಲ್ ಆದ ಫೈಲನ್ನೆಲ್ಲ ಆಗಲೇ ಅಳಿಸಲಿಕ್ಕೆ ಟಿಕ್ ಮಾಡಿದ್ದೆ. ಇದ್ದ ಕಾಪಿ ಅದೊಂದೇ."

ಹತ್ತನೆಯದರಲ್ಲಿ ಇದ್ದದ್ದು ತೀರಿಹೋದ ಅಣ್ಣ ಶೋಧನ್‌ನ ದನಿ. ನರಿಕೊಂಬಿನ ಅಂಡರ್‌ಆರ್ಮ್ ಕ್ರಿಕೆಟ್ ಪಂದ್ಯಗಳಲ್ಲಿ ಮೈಕ್ ಹಿಡಿಯುತ್ತಿದ್ದವನು ಈ ಕ್ರಿಕೆಟ್ ಗೇಮಿಗೂ ತಾನೇ ಕಾಮೆಂಟ್ರಿ ಹೇಳಿಟ್ಟಿದ್ದ: "ಬಾಲು ಬಾವಿಗೆ ಬಿದ್ದಿದೆ, ಬ್ಯಾಟ್ಸ್‌ಮನ್ ಹಗ್ಗದೊಂದಿಗೆ ಬರಬೇಕಾಗಿ ವಿನಂತಿ." ಕೊನೆಗೆ ಹೋಗಬೇಕಿದ್ದ ಆ ದನಿ ಮೊದಲೇ ಹೋಗಿ, ಆಮೇಲೆ ಬಂದ ಫೈಲಿನ ಮೂಲ ಇಂಗ್ಲಿಷ್ ಕಾಮೆಂಟ್ರಿ ಈಗ ಅದನ್ನು ಅಳಿಸಿ ಕೂತಿತ್ತು.

ಅಮ್ಮ ಶಶಿಪ್ರಭಾ ಕೈ ಒರೆಸಿಕೊಳ್ಳುತ್ತ ಬಂದು ಟೀವಿಯೆದುರು ಕೂತರು. "ಹಾಕು ಮಗಾ, ಕೇಳುವ." ವಿಜೇತಾ ಫೋನ್ ಇಟ್ಟಳು. ಗೇಮ್ ಹಾಕಿದಳು. ಮೊದಲ ಬಾಲಿಗೇ ಇಂಗ್ಲಿಷಿನವನು ಶುರು ಹಚ್ಚಿಕೊಂಡ. ಒಂದು ಓವರ್ ಮುಗಿಯಿತು, ಎರಡು ಮುಗಿಯಿತು. ಅಮ್ಮ ಕುರ್ಚಿಯನ್ನು ಟೀವಿಯ ಹತ್ತಿರಕ್ಕೆ ಎಳೆದುಕೊಂಡರು.

"ಎಷ್ಟು ಮಾತಪ್ಪ ಇವನದ್ದು! ಇವನದ್ದು ಮುಗಿದ ಮೇಲಲ್ವಾ ಶೋಧನ್‌ನದ್ದು? ತೊಂದರೆ ಇಲ್ಲ, ಕೂತುಕೊಳ್ತೇನೆ."